ಲೆನ್ಸಿನ ಸುತ್ತ ಬರೆದದ್ದು ಓದಿ, ಆಮೇಲೆ ಕಾಸು ಬಿಚ್ಚಿ

ಜೇಬಿಗೆ ಹಿಡಿಯುವ ಕ್ಯಾಮೆರಾ ಕೊಳ್ಳಲು ಅಂಗಡಿಗೆ ಬಂದ ಗಿರಾಕಿಗಳ ಬಾಯಲ್ಲಿ ಬರುವ ಪ್ರಶ್ನೆ ಎರಡೇ. ಎಷ್ಟು ಮೆಗಾಪಿಕ್ಸೆಲ್? ಎಷ್ಟು ಜೂಮ್? ಎರಡಕ್ಕೂ ದೊಡ್ಡ ಅಂಕಿ ಹೇಳಿದ ಕ್ಯಾಮೆರಾವನ್ನೇ ಕೊಂಡು ಹೋಗುತ್ತಾರೆ. ಮನೆಯ ಮೊದಲ ನಾಮಕರಣದಲ್ಲಿ ಮಗುವಿನ ಕೈ ಕಲಸಿದಂತೆ ಬಂದು, ಅಜ್ಜಿಯ ಮುಖದ ಮೇಲೆ ಮರಳು ಎರಚಿದಂತಾದಾಗ ‘ಫೋನೇ ವಾಸಿಯಿತ್ತು’ ಎನ್ನುತ್ತಾರೆ. ಆ ಮಾತು ನಿಜವೂ ಹೌದು. ಕೇಳಬೇಕಾದ ಪ್ರಶ್ನೆಯೇ ಬೇರೆ: ಈ ಪೆಟ್ಟಿಗೆಯೊಳಗೆ ಬೆಳಕು ಎಷ್ಟು ಬರುತ್ತದೆ? ಉತ್ತರ ಲೆನ್ಸಿನ ಮೇಲೆಯೇ ಅಚ್ಚಾಗಿರುತ್ತದೆ. ಓದಲು ಬರಬೇಕು, ಅಷ್ಟೆ.

ಹಂತ 1: ಏನು ತೆಗೆಯುತ್ತೀರಿ?

ಮನೆ ಮಂದಿ, ಪ್ರವಾಸ, ಊಟದ ತಟ್ಟೆ, ಬೀದಿ ಎಂದಾದರೆ ಮುಂದೆ ಓದಿ. ಕಬಿನಿಯ ಹುಲಿ, ರಂಗನತಿಟ್ಟಿನ ಹಕ್ಕಿ ಎಂದಾದರೆ ಜೇಬಿಗೆ ಹಿಡಿಯುವ ಕ್ಯಾಮೆರಾ ನಿಮಗಲ್ಲ.

ಹಂತ 2: ಜೇಬು ನೋಡಿಕೊಳ್ಳಿ, ಎರಡೂ ಅರ್ಥದಲ್ಲಿ

ದಿನಾ ಜೊತೆಗೊಯ್ಯುವ ಕ್ಯಾಮೆರಾ 300 ಗ್ರಾಂ ಆಸುಪಾಸಿನಲ್ಲಿರಬೇಕು. ಬ್ಯಾಟರಿ ಸೇರಿ ರಿಕೋ ಜಿಆರ್ 3 ತೂಗುವುದು 257 ಗ್ರಾಂ, ಸೋನಿ ಆರ್‌ಎಕ್ಸ್100ರ ಏಳನೆಯ ಆವೃತ್ತಿ 302 ಗ್ರಾಂ. 500 ಗ್ರಾಂ ದಾಟಿದ್ದು ಮೂರನೇ ವಾರಕ್ಕೆ ಬೀರು ಸೇರುತ್ತದೆ.

ಹಂತ 3: ಲೆನ್ಸಿನ ಬಳೆ ಓದುವುದು

ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಲೆನ್ಸಿನ ಗಾಜಿನ ಸುತ್ತ ಇರುವ ಬಳೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಜೋಡಿ ಅಂಕಿಗಳಿರುತ್ತವೆ. ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ಮೇಲೆ ಇರುವುದು 8.8–36.8 ಮಿ.ಮೀ., 1:1.8–2.8. ಅದೇ ಕಂಪನಿಯ ಎಸ್‌ಎಕ್ಸ್740 ಮೇಲೆ ಇರುವುದು 4.3–172.0 ಮಿ.ಮೀ., 1:3.3–6.9. ಎರಡನೆಯದು 40 ಪಟ್ಟು ಜೂಮ್, ಮೊದಲನೆಯದು ನಾಲ್ಕು ಪಟ್ಟೇ. ನೋಡಿದವರೆಲ್ಲ ಎರಡನೆಯದರ ಕಡೆಗೆ ಕೈ ಚಾಚುತ್ತಾರೆ.

ಮೊದಲ ಜೋಡಿ ಲೆನ್ಸಿನ ನಿಜವಾದ ನಾಭಿದೂರ (ಫೋಕಲ್ ಲೆಂತ್). ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಡಬ್ಬಿಯ ಮೇಲೆ ಇದನ್ನು ಬರೆಯದೆ ‘24–100 ಮಿ.ಮೀ.’ ಎಂಬಂಥ ಇನ್ನೊಂದು ಲೆಕ್ಕ ಬರೆದಿರುತ್ತಾರೆ. ಹಳೆಯ ರೀಲ್ ಕ್ಯಾಮೆರಾದಲ್ಲಿ ಅಷ್ಟೇ ಅಗಲದ ನೋಟ ಬೇಕಿದ್ದರೆ ಎಷ್ಟು ಮಿ.ಮೀ. ಲೆನ್ಸ್ ಬೇಕಾಗುತ್ತಿತ್ತು ಎಂಬ ಹೋಲಿಕೆ ಅದು. ಈಗ ಡಬ್ಬಿಯ ಮೊದಲ ಅಂಕಿಯನ್ನು ಬಳೆಯ ಮೊದಲ ಅಂಕಿಯಿಂದ ಭಾಗಿಸಿ. ಜಿ7ಎಕ್ಸ್‌ಗೆ 24 ಭಾಗಿಸು 8.8, ಅಂದರೆ 2.7. ಎಸ್‌ಎಕ್ಸ್740ಗೆ 24 ಭಾಗಿಸು 4.3, ಅಂದರೆ 5.6. ಬಂದ ಉತ್ತರ ಚಿಕ್ಕದಾದಷ್ಟೂ ಒಳಗಿನ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ದೊಡ್ಡದು. 1.5 ಬಂದರೆ ಎಪಿಎಸ್-ಸಿ (ಈ ಮೂರರಲ್ಲಿ ದೊಡ್ಡ ಅಳತೆ), 2.7 ಬಂದರೆ ‘ಒಂದು ಇಂಚು’, 5.6ರ ಹತ್ತಿರ ಬಂದರೆ ‘1/2.3 ಇಂಚು’. ಕಂಪನಿ ಸೆನ್ಸರ್ ಅಳತೆಯನ್ನು ಎಲ್ಲಿ ಬಚ್ಚಿಟ್ಟಿದ್ದರೂ ಈ ಭಾಗಾಕಾರ ಅದನ್ನು ಹೊರಗೆಳೆಯುತ್ತದೆ.

ಈ ‘ಇಂಚು’ ಎಂಬ ಹೆಸರನ್ನು ಮಾತ್ರ ನಂಬಬೇಡಿ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸದಿಂದ ಬಂದ ಲೆಕ್ಕ ಇದು. ಒಂದು ಇಂಚಿನದೆಂಬ ಸೆನ್ಸರ್ ಅಳೆದರೆ ಸಿಗುವುದು 13.2 × 8.8 ಮಿ.ಮೀ. ಮಾತ್ರ. 1/2.3 ಇಂಚಿನದು 6.2 × 4.6 ಮಿ.ಮೀ., ಹೆಸರುಬೇಳೆಯ ಕಾಳಿಗಿಂತ ಬಹಳ ದೊಡ್ಡದೇನಲ್ಲ. ವಿಸ್ತೀರ್ಣದಲ್ಲಿ ಎರಡರ ನಡುವೆ ನಾಲ್ಕು ಪಟ್ಟು ವ್ಯತ್ಯಾಸ.

ಎರಡನೇ ಜೋಡಿ ಲೆನ್ಸಿನ ಕಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬುದು. ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಜೋಡಿಯ ಮೊದಲನೆಯದು ಜೂಮ್ ಎಳೆಯದೇ ಇದ್ದಾಗಿನದು, ಎರಡನೆಯದು ಪೂರ್ತಿ ಎಳೆದಾಗಿನದು. ಹೋಲಿಸುವಾಗ ವರ್ಗ ಮಾಡಬೇಕು: 3.3 ಭಾಗಿಸು 1.8, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಸುಮಾರು 3.4. ಇದಕ್ಕೆ ಸೆನ್ಸರಿನ ನಾಲ್ಕು ಪಟ್ಟನ್ನೂ ಸೇರಿಸಿ ಗುಣಿಸಿ. ಒಂದೇ ಕೋಣೆ, ಒಂದೇ ದೀಪ, ಒಂದೇ ಷಟರ್ ವೇಗ (ಬೆಳಕನ್ನು ಒಳಬಿಡುವ ಹೊತ್ತು). ಜೂಮ್ ಎಳೆಯದೆಯೇ ಜಿ7ಎಕ್ಸ್ ಸೆನ್ಸರ್ ಮೇಲೆ ಬೀಳುವ ಒಟ್ಟು ಬೆಳಕು ಹದಿಮೂರು–ಹದಿನಾಲ್ಕು ಪಟ್ಟು ಹೆಚ್ಚು. ಮೆಗಾಪಿಕ್ಸೆಲ್ ಎರಡರಲ್ಲೂ ಸುಮಾರು 20. ಅಂದರೆ ಆ ಅಂಕಿ ನಿಮಗೆ ಏನನ್ನೂ ಹೇಳಲಿಲ್ಲ. ಆಲ್ಬಮ್ಮಿನ 6 × 4 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. 20 ಮೆಗಾಪಿಕ್ಸೆಲ್‌ನಲ್ಲಿ 18 × 12 ಇಂಚಿನ ಗೋಡೆ ಫೋಟೊ ಬರುತ್ತದೆ.

ಜೋಡಿಯ ಎರಡನೇ ಅಂಕಿಯನ್ನು ಯಾರೂ ನೋಡುವುದಿಲ್ಲ. ನೋವು ಕೊಡುವುದು ಅದೇ. ರಾತ್ರಿ ಯಕ್ಷಗಾನದ ರಂಗಸ್ಥಳವನ್ನು ನೆನೆಸಿಕೊಳ್ಳಿ. ವೇಷಧಾರಿ ಗಿರಕಿ ಹೊಡೆಯುವಾಗ ನಿಚ್ಚಳವಾಗಿ ಬರಬೇಕೆಂದರೆ ಷಟರ್ 1/250 ಸೆಕೆಂಡ್ ಬೇಕು. ಎಫ್ 1.8ರಲ್ಲಿ (ಬಳೆಯ ಮೇಲಿನ 1:1.8 ಇದೇ), ಐಎಸ್‌ಒ 800ರಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಅಂಕಿ, ಏರಿಸಿದಷ್ಟೂ ಚಿತ್ರ ಒರಟು) ಅದು ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಕಂಡಿ ಎಫ್ 6.9ಕ್ಕೆ ಕುಗ್ಗಿದರೆ ಬೆಳಕು ಸುಮಾರು ಹದಿನೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಷಟರ್ 1/17ಕ್ಕೆ ಇಳಿಸಬೇಕು, ಕಿರೀಟವೆಲ್ಲ ಬಣ್ಣದ ಎಳೆಯಾಗುತ್ತದೆ. ಇಲ್ಲವೇ ಐಎಸ್‌ಒ 12,000ದತ್ತ ಏರಿಸಬೇಕು, ಹೆಸರುಬೇಳೆಯಷ್ಟು ಸೆನ್ಸರಿನಲ್ಲಿ ಅದು ಬರೀ ರವೆ. ‘ಇದರಲ್ಲಿ ಸ್ಟೆಬಿಲೈಸರ್ ಇದೆ’ ಎಂದು ಅಂಗಡಿಯವರು ಸಮಾಧಾನ ಹೇಳುತ್ತಾರೆ. ಸ್ಟೆಬಿಲೈಸರ್ ತಡೆಯುವುದು ನಿಮ್ಮ ಕೈನಡುಕವನ್ನು, ವೇಷಧಾರಿಯ ಕುಣಿತವನ್ನಲ್ಲ.

ಜೂಮ್ ಎಳೆದಾಗಲೂ ಎಫ್ 2.8–4.5 ಒಳಗೆ ನಿಲ್ಲುವುದನ್ನೇ ಕೊಳ್ಳಿ. ದೊಡ್ಡ ಸೆನ್ಸರ್, ದೊಡ್ಡ ಕಂಡಿ, ಉದ್ದದ ಜೂಮ್ ಮೂರನ್ನೂ ಜೇಬಿಗೆ ಹಿಡಿಸುವುದು ಗಾಜಿನ ಗಾತ್ರದಿಂದಾಗಿ ಸಾಧ್ಯವಿಲ್ಲ. ಒಂದನ್ನು ಬಿಡಲೇಬೇಕು, ಜೂಮನ್ನು ಬಿಡಿ.

ಇಲ್ಲೇ ಇನ್ನೊಂದು ಮಾತು. ಆನ್‌ಲೈನಿನಲ್ಲಿ ಐದಾರು ಸಾವಿರಕ್ಕೆ ‘48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಜೂಮ್’ ಎಂಬ, ಕೇಳರಿಯದ ಹೆಸರಿನ ಕ್ಯಾಮೆರಾಗಳು ಬರುತ್ತವೆ. ಇವುಗಳ ಜೂಮ್ ಡಿಜಿಟಲ್, ಎಂದರೆ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು. ಮೆಗಾಪಿಕ್ಸೆಲ್ ಕೂಡ ಸಾಫ್ಟ್‌ವೇರ್ ಹಿಗ್ಗಿಸಿದ್ದು. ಆನ್ ಮಾಡಿದಾಗ ಲೆನ್ಸ್ ಹೊರಗೆ ಚಾಚುವುದಿಲ್ಲ, ಬಳೆಯಲ್ಲಿ ಒಂದೇ ನಾಭಿದೂರ ಇರುತ್ತದೆ ಅಥವಾ ಏನೂ ಇರುವುದಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೂ ಇದನ್ನು ಕೊಡಬೇಡಿ. ಆ ಮಗು ಫೋಟೊಗ್ರಫಿಯನ್ನೇ ಬಿಟ್ಟೀತು.

ಹಂತ 4: ಪಟ್ಟಿಯನ್ನು ಮೂರಕ್ಕೆ ಇಳಿಸಿ

1/2.3 ಇಂಚಿನ ಕ್ಯಾಮೆರಾ ಈಗಿನ ಒಳ್ಳೆಯ ಫೋನನ್ನು ಹಗಲಿನ ಜೂಮ್ ಮತ್ತು ಫ್ಲ್ಯಾಷ್‌ನಲ್ಲಿ ಮಾತ್ರ ಸೋಲಿಸುತ್ತದೆ. ಫ್ಲ್ಯಾಷ್ ವಿಷಯ ಕಡೆಗಣಿಸುವಂಥದ್ದಲ್ಲ. ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಷ್ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಜೂಬಾಜಿನಲ್ಲಿ ಮಿಂಚಿ, ಕುಣಿಯುವ ಮಗುವನ್ನು ನಿಲ್ಲಿಸಿ ಹಿಡಿಯುತ್ತದೆ. ಫೋನಿನ ಎಲ್‌ಇಡಿಗೆ ಅದು ಆಗುವುದಿಲ್ಲ. ಆದರೆ ಮೂರು ಮೀಟರಿನಾಚೆ ಈ ಪುಟ್ಟ ಫ್ಲ್ಯಾಷ್ ಮೇಲೆ ಭರವಸೆ ಬೇಡ.

ಮನೆಮಂದಿಗೆಲ್ಲ ಒಂದೇ ಕ್ಯಾಮೆರಾ ಎಂದಾದರೆ ಒಂದು ಇಂಚಿನದೇ ಸರಿ: ಜಿ7ಎಕ್ಸ್ ಮಾರ್ಕ್ 2 (2016) ಅಥವಾ ಮಾರ್ಕ್ 3 (2019), ಇಲ್ಲವೇ ಸೋನಿ ಆರ್‌ಎಕ್ಸ್100ರ ಮೂರನೆಯ ಆವೃತ್ತಿ (2014) ಮತ್ತು ಅದರ ನಂತರದವು. ಉರಿ ಬಿಸಿಲಿನಲ್ಲಿ ಪರದೆ ಕಾಣದು. ಸೋನಿಯ ಈ ಆವೃತ್ತಿಗಳಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಮೇಲೆದ್ದು ಬರುತ್ತದೆ, ಕ್ಯಾನನ್‌ನಲ್ಲಿ ಇಲ್ಲ. ಹಂಪಿ, ಬಾದಾಮಿ ಬಂಡೆಗಳ ನಡುವೆ ಅಲೆಯುವವರಾದರೆ ಇದೊಂದಕ್ಕೇ ಸೋನಿ ಆರಿಸಿ. ಜೂಮೇ ಬೇಡ, ಬೀದಿ ಸಾಕು ಎನ್ನುವವರಿಗೆ ಎಪಿಎಸ್-ಸಿ ಸೆನ್ಸರಿನ ರಿಕೋ ಜಿಆರ್ 3, 28 ಮಿ.ಮೀ. ನೋಟ, ಫ್ಲ್ಯಾಷ್ ಇಲ್ಲ. ಫ್ಯೂಜಿಫಿಲ್ಮ್ ಎಕ್ಸ್100 ಸರಣಿ ಸೊಗಸಾದದ್ದೇ. ಆದರೆ 2024ರಲ್ಲಿ ಬಂದದ್ದು 521 ಗ್ರಾಂ ತೂಗುತ್ತದೆ, ಜೇಬಿಗೆ ಹಿಡಿಯುವುದಿಲ್ಲ.

ಹಂತ 5: ಅಂಗಡಿಯಲ್ಲಿ ಹತ್ತು ನಿಮಿಷ

ನಿಮ್ಮದೇ ಎಸ್‌ಡಿ ಕಾರ್ಡ್ ಒಯ್ಯಿರಿ. ಅಂಗಡಿಯ ದೀಪ ಬಿಟ್ಟು ಕತ್ತಲ ಮೂಲೆಯೊಂದನ್ನು ಪೂರ್ತಿ ಜೂಮ್ ಎಳೆದು ತೆಗೆಯಿರಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಮತ್ತು ಕ್ಯಾಮೆರಾದ ಸೀರಿಯಲ್ ನಂಬರ್ ಎರಡೂ ಇರಬೇಕು. ‘ಬಿಲ್ ಬೇಡ ಎಂದರೆ ಕಡಿಮೆ ಮಾಡ್ತೀನಿ’ ಎಂದರೆ ಅದು ವಾರಂಟಿ ಇಲ್ಲದ ಹೊರದೇಶದ ಮಾಲು. ಜಪಾನಿನಿಂದ ತರಿಸುವವರು ಇನ್ನೊಂದು ಎಚ್ಚರ ವಹಿಸಿ. ಅಲ್ಲಿನ ಪೇಟೆಗೆಂದೇ ತಯಾರಾದ ಸೋನಿ ಕ್ಯಾಮೆರಾಗಳ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಬದಲಿಸಲು ಬರುವುದಿಲ್ಲ.

ಹಂತ 6: ಸೆಕೆಂಡ್ ಹ್ಯಾಂಡ್ ಆದರೆ

ಐದು ಸಲ ಆನ್–ಆಫ್ ಮಾಡಿ. ಲೆನ್ಸ್ ನೇರವಾಗಿ, ಒಂದೇ ವೇಗದಲ್ಲಿ ಚಾಚಬೇಕು. ತಡವರಿಸಿದರೆ, ಕರಕರ ಎಂದರೆ, ಒಂದು ಬದಿಗೆ ವಾಲಿದರೆ ಅಲ್ಲೇ ಬಿಟ್ಟು ಬನ್ನಿ. ಕೆಳಗೆ ಬಿದ್ದ ಅಥವಾ ಮರಳು ಹೊಕ್ಕ ಕ್ಯಾಮೆರಾ ಅದು, ಮುಂದೆ ಪರದೆಯ ಮೇಲೆ ‘ಲೆನ್ಸ್ ಎರರ್’ ಬರುವುದು ಖಚಿತ. ಆಮೇಲೆ ಕಂಡಿಯನ್ನು ಎಫ್ 11ಕ್ಕೆ, ಅಥವಾ ಅದು ಹೋಗುವಷ್ಟು ಚಿಕ್ಕದಕ್ಕೆ ಇಳಿಸಿ ಬಿಳಿ ಗೋಡೆ ತೆಗೆಯಿರಿ. ಬೂದು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ದೂಳಿದೆ. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ ಆದ್ದರಿಂದ ಅದನ್ನು ನೀವು ಒರೆಸಲಾರಿರಿ, ಪೂರ್ತಿ ಬಿಚ್ಚಿಸಬೇಕು. ಹಳೆಯ ಜಿಆರ್ ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು, ಆ ಸರಣಿಗೆ ದೂಳಿನ ಕಾಟ ಹೆಚ್ಚು.

ಮೊಬೈಲ್ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮನೆಗಳಿಂದ ಬಂದ ಕ್ಯಾಮೆರಾಗಳಲ್ಲಿ ಇದನ್ನು ಕಡ್ಡಾಯವಾಗಿ ನೋಡಬೇಕು.

ಇಪ್ಪತ್ತು ವರ್ಷ ಹಳೆಯ ‘ಸಿಸಿಡಿ ಕ್ಯಾಮೆರಾ’ಗಳ (ಸಿಸಿಡಿ ಎಂದರೆ ಆಗಿನ ಬಗೆಯ ಸೆನ್ಸರ್) ಹುಚ್ಚು ಈಗ ಹಬ್ಬಿದೆ. ಜನ ಮೆಚ್ಚುವ ಅವುಗಳ ಬಣ್ಣ ಬರುವುದು ಬಹುಪಾಲು ಆಗಿನ ಸಾಫ್ಟ್‌ವೇರ್ ಮತ್ತು ನೇರ ಫ್ಲ್ಯಾಷಿನಿಂದ. ಆಸೆಯಿದ್ದರೆ ತೆಗೆದುಕೊಳ್ಳಿ, ಐದು ಸಾವಿರದ ಮೇಲೆ ಕೊಡಬೇಡಿ. 2002–04ರ ಸುಮಾರಿಗೆ ತಯಾರಾದ ಹಲವು ಮಾದರಿಗಳ ಸೆನ್ಸರ್ ಸೆಕೆ, ತೇವಕ್ಕೆ ಕೆಟ್ಟು ಚಿತ್ರ ನೇರಳೆ ಗೆರೆಗಳಾಗುತ್ತಿತ್ತು. 2005ರಲ್ಲಿ ಹಲವು ದೊಡ್ಡ ಕಂಪನಿಗಳು ಉಚಿತ ದುರಸ್ತಿ ಘೋಷಿಸಬೇಕಾಯಿತು. ನಮ್ಮ ಹವೆಯಲ್ಲಿ ಆ ಕಾಲದವನ್ನು ದೂರವಿಡುವುದೇ ಒಳ್ಳೆಯದು. ಕಾರ್ಡ್ ಯಾವುದೆಂದೂ ನೋಡಿ. ಹಳೆಯ ಒಲಿಂಪಸ್, ಫ್ಯೂಜಿಗಳಲ್ಲಿ ಎಕ್ಸ್‌ಡಿ, ಸೋನಿಗಳಲ್ಲಿ ಮೆಮೊರಿ ಸ್ಟಿಕ್ ಬೇಕು, ಇವೆರಡೂ ಸಿಗುವುದು ಕಷ್ಟ. ಎಸ್‌ಡಿ ಕಾರ್ಡೇ ಆದರೂ ತೀರಾ ಹಳೆಯವು 2 ಜಿಬಿ ಮೀರಿದ್ದನ್ನು ಗುರುತಿಸುವುದಿಲ್ಲ.

ಹಂತ 7: ಕಾರ್ಡ್, ಬ್ಯಾಟರಿ

64 ಜಿಬಿ, ವಿ30 (ಬರೆಯುವ ವೇಗದ) ಗುರುತಿನ ಕಾರ್ಡ್ ಒಂದು ಸಾಕು. ಅರ್ಧ ಬೆಲೆಯ ‘512 ಜಿಬಿ’ ಬಹುಪಾಲು ನಕಲಿ. ಬ್ಯಾಟರಿ ಮಾತ್ರ ಎರಡು ಬೇಕೇ ಬೇಕು. ಕಂಪನಿಯ ಲೆಕ್ಕದಲ್ಲೇ ಜಿಆರ್ 3 ಒಂದು ಚಾರ್ಜಿಗೆ 200 ಚಿತ್ರ, ಆರ್‌ಎಕ್ಸ್100 ಏಳನೆಯದು 260 ಚಿತ್ರ. ಮದುವೆ ಮನೆಯಲ್ಲಿ ಮುಹೂರ್ತಕ್ಕೆ ಮೊದಲೇ ಖಾಲಿ.

ಹಂತ 8: ಮೊದಲ ದಿನವೇ ಬದಲಿಸಬೇಕಾದದ್ದು

ಡಿಜಿಟಲ್ ಜೂಮ್ ಆಫ್. ಚಿತ್ರದ ಮೇಲೆ ದಿನಾಂಕ ಅಚ್ಚು ಹಾಕುವುದೂ ಆಫ್, ಅದು ಮತ್ತೆ ಅಳಿಸಲು ಬರುವುದಿಲ್ಲ. ಮೋಡ್ ಡಯಲ್ ‘ಪಿ’ಗೆ ತಿರುಗಿಸಿ, ಅಲ್ಲಿ ಷಟರ್ ಮತ್ತು ಕಂಡಿಯನ್ನು ಕ್ಯಾಮೆರಾವೇ ಆರಿಸುತ್ತದೆ, ಉಳಿದದ್ದು ನಿಮ್ಮ ಕೈಯಲ್ಲಿ. ಆಟೊ ಐಎಸ್‌ಒಗೆ ಮಿತಿ ಹಾಕಿ: 1/2.3 ಇಂಚಿಗೆ 800, ಒಂದು ಇಂಚಿಗೆ 3200, ಎಪಿಎಸ್-ಸಿಗೆ 6400. ಕನಿಷ್ಠ ಷಟರ್ ವೇಗ ಕೇಳುವ ಕ್ಯಾಮೆರಾ ಆದರೆ 1/125, ಮನೆಯಲ್ಲಿ ಓಡಾಡುವ ಮಗು ಇದ್ದರೆ 1/250. ಕೈಪಟ್ಟಿಯನ್ನು ಡಬ್ಬಿಯಲ್ಲೇ ಬಿಡಬೇಡಿ, ಕಟ್ಟಿಕೊಳ್ಳಿ.

ಹಂತ 9: ಮಳೆಗಾಲದ ಮೊದಲು

ಚರ್ಮದ ಚೀಲದೊಳಗೆ ಬೀರುವಿನಲ್ಲಿಟ್ಟ ಕ್ಯಾಮೆರಾ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಂದು ಸಿಲಿಕಾ ಜೆಲ್ ಹಾಕಿ, ಜೊತೆಗೊಂದು ಪುಟ್ಟ ತೇವಮಾಪಕ ಇಡಿ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. ಕೆಲವರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಾರೆ. ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಹೊಕ್ಕರೆ ಮೇಲೆ ಹೇಳಿದ ಕರಕರ ಸದ್ದು ಶುರು. ಸಿಲಿಕಾ ಜೆಲ್‌ನಲ್ಲಿ ನೀಲಿ ಬಣ್ಣದ್ದು ಬೇಡ, ಅದರಲ್ಲಿರುವ ಕೋಬಾಲ್ಟ್ ಲವಣ ವಿಷ. ಕಿತ್ತಳೆ ಬಣ್ಣದ್ದು ತನ್ನಿ. ಹಸಿರಿಗೆ ತಿರುಗಿದಾಗ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.