ಹತ್ತು ಗ್ರಾಂ ತಕ್ಕಡಿಯಲ್ಲಿ ಐದು ಗ್ರಾಂ: ತಾಂತ್ರಿಕ ವರದಿ ಬರೆಯಲು ಕಲಿತ ನನ್ನ ಅನುಭವ

ಎಂಜಿನಿಯರಿಂಗ್‌ನ ಐದನೆಯ ಸೆಮಿಸ್ಟರಿನಲ್ಲಿ ನಮಗೆ ತಾಂತ್ರಿಕ ವರದಿ ಬರವಣಿಗೆ ಎಂಬ ವಿಷಯವಿತ್ತು. ವಾರಕ್ಕೆ ಎರಡೇ ತರಗತಿಗಳು. ಲಿಖಿತ ಪರೀಕ್ಷೆಗಿಂತ ಹೆಚ್ಚಿನ ಅಂಕಗಳು ನಾವೇ ಮಾಡಿದ ಸಣ್ಣದೊಂದು ಕೆಲಸದ ಬಗ್ಗೆ ಬರೆಯಬೇಕಾದ ಹತ್ತು ಪುಟದ ವರದಿಗೆ ಮೀಸಲಾಗಿದ್ದವು. ಹತ್ತನೆಯ ತರಗತಿಯವರೆಗೆ ಮೂಡಿಗೆರೆ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ್ದ ನನಗೆ, ಇಂಗ್ಲಿಷಿನಲ್ಲಿ ಹತ್ತು ಪುಟ ಬರೆಯುವುದೇ ಈ ವಿಷಯದ ಕಷ್ಟ ಎಂದು ಮೊದಲ ದಿನ ಅನ್ನಿಸಿತ್ತು. ಕಷ್ಟ ಬೇರೆ ಕಡೆ ಇತ್ತು ಎಂದು ತಿಳಿಯಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು.

ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ಗೆಳೆಯರಲ್ಲಿ ಹಲವರು ಸೌರಶಕ್ತಿ, ವಿದ್ಯುತ್ ವಾಹನ, ಕೃತಕ ಬುದ್ಧಿಮತ್ತೆ ಮುಂತಾದ ದೊಡ್ಡ ವಿಷಯಗಳನ್ನು ಹಿಡಿದರು. ನಾನು ಡಿಸೆಂಬರಿನಲ್ಲಿ ವಾರದ ಕೊನೆಗೆ ಮನೆಗೆ ಹೋದಾಗ ಅರೇಬಿಕಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ಪಾರ್ಚ್‌ಮೆಂಟನ್ನು, ಎಂದರೆ ಹೊಟ್ಟಿನ ಸಮೇತವಿರುವ ಕಾಫಿ ಬೀಜವನ್ನು, ಅಪ್ಪ ಸಿಮೆಂಟು ಕಣದಲ್ಲಿ ಹರಡಿಸುತ್ತಿದ್ದರು. ಪಕ್ಕದ ತೋಟದವರು ಆ ವರ್ಷ ಮರದ ಗೂಟಗಳ ಮೇಲೆ ಬಲೆ ಬಿಗಿದು ಮಂಚ ಮಾಡಿಕೊಂಡು ಅದರ ಮೇಲೆ ಒಣಗಿಸಲು ಆರಂಭಿಸಿದ್ದರು. ಎರಡರಲ್ಲಿ ಯಾವುದು ಬೇಗ ಒಣಗಿಸುತ್ತದೆ ಎಂಬ ಚರ್ಚೆ ಮನೆಯಲ್ಲಿ ದಿನವೂ ನಡೆಯುತ್ತಿದ್ದರಿಂದ, ಅದನ್ನೇ ಅಳೆದು ಬರೆಯುತ್ತೇನೆ ಎಂದು ತೀರ್ಮಾನಿಸಿದೆ. ವರದಿಯ ಅರ್ಧ ಭಾಗ ಸುಲಭವಾದದ್ದು ಈ ಆಯ್ಕೆಯಿಂದ ಎಂದು ಈಗಲೂ ನಂಬಿದ್ದೇನೆ. ವಿದ್ಯುತ್ ವಾಹನ ಹಿಡಿದ ಗೆಳೆಯನಿಗೆ ಅಳೆಯಲು ಏನೂ ಇರಲಿಲ್ಲ. ಬೇರೆಯವರು ಅಳೆದದ್ದನ್ನು ಮತ್ತೆ ಹೇಳುವುದಷ್ಟೇ ಅವನ ಪಾಲಿಗೆ ಉಳಿದಿತ್ತು.

ಹಾಗೆಂದು ನನ್ನ ಆರಂಭ ಚೆನ್ನಾಗಿತ್ತು ಎಂದಲ್ಲ. ಅಳತೆ ಮುಗಿಯುವ ಮೊದಲೇ ಪೀಠಿಕೆ ಬರೆಯಲು ಕುಳಿತೆ, ಏಕೆಂದರೆ ವರದಿಯಲ್ಲಿ ಅದು ಮೊದಲು ಬರುತ್ತದೆ. ಕಾಫಿ ಜಗತ್ತಿನ ಜನಪ್ರಿಯ ಪಾನೀಯ ಎಂಬಲ್ಲಿಂದ ಆರಂಭಿಸಿ, ಬಾಬಾ ಬುಡನ್ ಏಳು ಬೀಜ ತಂದ ಐತಿಹ್ಯವನ್ನು ಹೇಳಿ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾದದ್ದನ್ನೂ ಸೇರಿಸಿ ಎರಡು ಪುಟ ತುಂಬಿಸಿದೆ. ವಿಷಯ ಕಲಿಸುತ್ತಿದ್ದ ಮೇಡಂ ಅದನ್ನು ಓದಿ, ಮೊದಲ ಪುಟದ ಮೇಲಿಂದ ಕೆಳಗಿನವರೆಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು, ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ಹಿಂದಿರುಗಿಸಿದರು: ಇದನ್ನು ಓದಿದವರು ಏನನ್ನು ತೀರ್ಮಾನಿಸಬೇಕು?

ಉತ್ತರ ನನ್ನಲ್ಲಿರಲಿಲ್ಲ. ಆ ಶನಿವಾರ ಸಂಜೆ ಕಣದ ಕಟ್ಟೆಯ ಮೇಲೆ ಕುಳಿತು, ನಾನು ಮಾಡುತ್ತಿರುವ ಕೆಲಸವನ್ನು ಅಪ್ಪನಿಗೆ ವಿವರಿಸಿದೆ. ಚೌಕಟ್ಟು, ತಕ್ಕಡಿ, ತೇವಾಂಶ ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವರು, "ಅದೆಲ್ಲ ಸರಿ ಮಾರಾಯ, ಕೊನೆಗೆ ನಾನು ಮುಂದಿನ ವರ್ಷ ಮಂಚ ಹಾಕ್ಸಬೇಕೋ ಬೇಡ್ವೋ?" ಎಂದು ಕೇಳಿದರು. ಮೇಡಂ ಕೇಳಿದ್ದೂ ಅದನ್ನೇ. ವರದಿಯ ಓದುಗ ಯಾರು, ಅವನ ಮುಂದಿರುವ ಆಯ್ಕೆ ಯಾವುದು ಎಂಬುದು ಅಲ್ಲಿಗೆ ನಿಶ್ಚಯವಾಯಿತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆದುಕೊಂಡೆ: ಒಂದೇ ದಿನ ತೊಳೆದ ಪಾರ್ಚ್‌ಮೆಂಟ್ ಶೇ. 10ರ ತೇವಾಂಶಕ್ಕೆ ಇಳಿಯಲು ಕಣದ ಮೇಲೆ ಎಷ್ಟು ದಿನ ಬೇಕು, ಮಂಚದ ಮೇಲೆ ಎಷ್ಟು ದಿನ ಬೇಕು? ಆಮೇಲೆ ಬರೆದ ಪ್ರತಿ ಪ್ಯಾರಾವನ್ನೂ ಈ ಸಾಲಿನ ಪಕ್ಕ ಇಟ್ಟು ನೋಡಿದೆ. ಬಾಬಾ ಬುಡನ್ ಅಲ್ಲಿಗೆ ಹೊರಟುಹೋದರು.

ಕೆಲಸದ ವಿಧಾನ ಹೀಗಿತ್ತು. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ನಾಲ್ಕು ಮರದ ಚೌಕಟ್ಟುಗಳನ್ನು ಮಾಡಿಸಿ, ಎರಡನ್ನು ಸಿಮೆಂಟು ಕಣದಲ್ಲೂ ಎರಡನ್ನು ಪಕ್ಕದ ತೋಟದವರ ಒಪ್ಪಿಗೆ ಪಡೆದು ಅವರ ಮಂಚದ ಮೇಲೂ ಇಟ್ಟೆ. ಪ್ರತಿಯೊಂದರಲ್ಲೂ ನೀರು ಬಸಿದ 5 ಕಿಲೋ ಪಾರ್ಚ್‌ಮೆಂಟ್ ಹರಡಿ, ಬೆಳಿಗ್ಗೆ ಏಳಕ್ಕೂ ಸಂಜೆ ಐದಕ್ಕೂ ತೂಗಿದೆ. ತಕ್ಕಡಿ 10 ಗ್ರಾಂಗಿಂತ ಚಿಕ್ಕ ವ್ಯತ್ಯಾಸವನ್ನು ತೋರಿಸದಂಥದ್ದು. ರಾತ್ರಿ ನಾಲ್ಕನ್ನೂ ಟಾರ್ಪಾಲಿನಿಂದ ಮುಚ್ಚುತ್ತಿದ್ದೆವು. ನಾನು ಕಾಲೇಜಿನಲ್ಲಿದ್ದ ದಿನಗಳಲ್ಲಿ ತೂಗಿ ಬರೆದಿಟ್ಟವರು ಅಮ್ಮ; ವರದಿಯ ಕೃತಜ್ಞತೆಯ ಪುಟದಲ್ಲಿ ಅವರ ಹೆಸರಿರುವುದು ಶಿಷ್ಟಾಚಾರಕ್ಕಲ್ಲ.

ಮೊದಲು ಎಡವಿದ್ದು ತೇವಾಂಶದ ಲೆಕ್ಕದಲ್ಲಿ. ಒದ್ದೆ ಮಾದರಿಯನ್ನು ಕಾಲೇಜಿನ ಪ್ರಯೋಗಾಲಯದ ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ಗಂಟೆ ಇಟ್ಟು ತೂಗಿದಾಗ, ಒಟ್ಟು ತೂಕದ ಶೇ. 52 ಭಾಗ ನೀರು ಎಂದು ಬಂದಿತ್ತು. ಆದರೆ ನಾನು ಓದಿದ ಲೇಖನವೊಂದರಲ್ಲಿ ಆರಂಭದ ತೇವಾಂಶ ಶೇ. 100ಕ್ಕಿಂತ ಹೆಚ್ಚು ಎಂದಿತ್ತು. ನೂರಕ್ಕಿಂತ ಹೆಚ್ಚು ನೀರಿರುವುದು ಹೇಗೆ ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಂಡೆ. ನೀರಿನ ತೂಕವನ್ನು ಒಟ್ಟು ಒದ್ದೆ ತೂಕದಿಂದ ಭಾಗಿಸಿದರೆ ಆರ್ದ್ರ ಆಧಾರ, ಒಣ ಪದಾರ್ಥದ ತೂಕದಿಂದ ಮಾತ್ರ ಭಾಗಿಸಿದರೆ ಶುಷ್ಕ ಆಧಾರ, ನನ್ನ ಶೇ. 52 ಎರಡನೆಯ ಲೆಕ್ಕದಲ್ಲಿ 52ನ್ನು 48ರಿಂದ ಭಾಗಿಸಿದಾಗ ಶೇ. 108 ಆಗುತ್ತದೆ. ಕಾಫಿ ಒಂದೇ, ನೀರೂ ಒಂದೇ. ಯಾವ ಆಧಾರ ಎಂದು ಹೇಳದೆ ಬರೆದ ಶೇಕಡಾವಾರು ಅಂಕಿಯಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ ಎಂಬುದು ಆಗ ಅರ್ಥವಾಯಿತು. ಕೋಷ್ಟಕದ ತಲೆಯಲ್ಲೇ ಆರ್ದ್ರ ಆಧಾರ ಎಂದು ಬರೆದೆ. ಗುರಿಯ ತೂಕವೂ ಇದರಿಂದಲೇ ದೊರೆಯಿತು: 5 ಕಿಲೋದಲ್ಲಿ ಒಣ ಪದಾರ್ಥ 2.40 ಕಿಲೋ, ಅದು ಒಟ್ಟು ತೂಕದ ಶೇ. 90 ಆಗಬೇಕಾದರೆ ಚೌಕಟ್ಟಿನಲ್ಲಿ 2.67 ಕಿಲೋ ಉಳಿಯಬೇಕು. ತೂಕ ಅಲ್ಲಿಗೆ ಇಳಿದ ದಿನವೇ ಒಣಗಿದ ದಿನ.

ಓವನ್‌ನ ವಿಷಯದಲ್ಲಿ ಇನ್ನೊಂದು ಮಾತಿದೆ. 105 ಡಿಗ್ರಿ, 16 ಗಂಟೆ ಎಂಬ ಕ್ರಮ ಐಎಸ್ಒ 6673 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿದೆ, ಆದರೆ ಅದು ಸಿಪ್ಪೆ ತೆಗೆದ ಹಸಿ ಕಾಫಿ ಬೀಜಕ್ಕೆ ಸಂಬಂಧಿಸಿದ್ದು. ನಾನು ಓವನ್‌ಗೆ ಇಟ್ಟದ್ದು ಹೊಟ್ಟಿನ ಸಮೇತವಿದ್ದ ಒದ್ದೆ ಪಾರ್ಚ್‌ಮೆಂಟ್. ಮೊದಲ ಕರಡಿನಲ್ಲಿ ಮಾನದಂಡದಂತೆ ಅಳೆಯಲಾಯಿತು ಎಂದು ಬರೆದಿದ್ದೆ, ಬರೆಯುವಾಗ ಅದು ಗಂಭೀರವಾಗಿಯೂ ಕಂಡಿತ್ತು. ಅಂತಿಮ ವರದಿಯಲ್ಲಿ, ಅದೇ ಉಷ್ಣಾಂಶ ಮತ್ತು ಅವಧಿಯನ್ನು ಪಾರ್ಚ್‌ಮೆಂಟಿಗೆ ಅನ್ವಯಿಸಲಾಯಿತು, ಮಾನದಂಡದ ವ್ಯಾಪ್ತಿಗೆ ಇದು ಸೇರುವುದಿಲ್ಲ ಎಂದು ತಿದ್ದಿದೆ.

ಈಗ ಶೀರ್ಷಿಕೆಯ ಐದು ಗ್ರಾಂ ವಿಷಯ. ಮೂರನೆಯ ದಿನ ಸಂಜೆ ಮನೆಯವರೆಲ್ಲ ನೆಂಟರ ಮದುವೆಗೆ ಹೋಗಿದ್ದರಿಂದ ನಾಲ್ಕು ಚೌಕಟ್ಟುಗಳನ್ನೂ ತೂಗಿರಲಿಲ್ಲ. ಖಾಲಿ ಮನೆಗಳಿರುವ ಕೋಷ್ಟಕವನ್ನು ಒಪ್ಪಿಸಲು ನಾಚಿಕೆಯಾಗಿ, ಆ ದಿನ ಬೆಳಗಿನ ತೂಕ ಮತ್ತು ಮರುದಿನ ಬೆಳಗಿನ ತೂಕಗಳ ಸರಾಸರಿಯನ್ನು ಅಲ್ಲಿ ತುಂಬಿದೆ. ಕಣದ ಮೊದಲ ಚೌಕಟ್ಟಿನಲ್ಲಿ ಅವು 3.98 ಮತ್ತು 3.57 ಕಿಲೋ ಇದ್ದವು, ಸರಾಸರಿ 3.775 ಎಂದು ಬರೆದೆ. ಮೇಡಂ ಕೋಷ್ಟಕದ ಮೇಲೆ ಬೆರಳಾಡಿಸುತ್ತ ಬಂದು ಅಲ್ಲಿ ನಿಂತರು. "ನಿಮ್ಮ ತಕ್ಕಡಿ ಹತ್ತು ಗ್ರಾಂಗಿಂತ ಚಿಕ್ಕ ವ್ಯತ್ಯಾಸವನ್ನು ತೋರಿಸುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಈ ಐದು ಗ್ರಾಂ ಎಲ್ಲಿಂದ ಬಂತು?"

ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲವಾದ್ದರಿಂದ ನಡೆದದ್ದನ್ನು ಹೇಳಿದೆ. ಅವರು ಗದರಲಿಲ್ಲ. ಉಳಿದ ದಿನಗಳ ಸಂಜೆಯ ತೂಕವನ್ನೂ ಮರುಬೆಳಗಿನ ತೂಕವನ್ನೂ ಒಂದರ ಪಕ್ಕ ಒಂದು ಬರೆದು ನೋಡಲು ಹೇಳಿದರು. ಬರೆದು ನೋಡಿದರೆ, ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಕಾಫಿ ಒಣಗುವುದು ಬಿಸಿಲಿನಲ್ಲಿ; ಟಾರ್ಪಾಲಿನ ಕೆಳಗೆ ರಾತ್ರಿಯಿಡೀ ಅದರ ತೂಕ ಬದಲಾಗುವುದೇ ಇಲ್ಲವೆನ್ನಬಹುದು. ಆದ್ದರಿಂದ ಆ ಸಂಜೆಯ ನಿಜವಾದ ತೂಕ 3.57ರ ಆಸುಪಾಸಿನಲ್ಲಿ ಇದ್ದಿರಬೇಕು. ನನ್ನ ಸರಾಸರಿ ಅಪ್ರಾಮಾಣಿಕವಷ್ಟೇ ಅಲ್ಲ, ಕಾಫಿ ಒಣಗುವ ರೀತಿಗೇ ವಿರುದ್ಧವಾಗಿತ್ತು. ನಾಲ್ಕು ಮನೆಗಳಲ್ಲೂ ಒಂದೊಂದು ಅಡ್ಡಗೆರೆ ಎಳೆದು, ಕೋಷ್ಟಕದ ಕೆಳಗೆ, ಮೂರನೆಯ ದಿನ ಸಂಜೆ ತೂಕ ತೆಗೆದುಕೊಂಡಿಲ್ಲ ಎಂದು ಸಣ್ಣ ಟಿಪ್ಪಣಿ ಹಾಕಿದೆ. ಆ ಟಿಪ್ಪಣಿಗಾಗಿ ಯಾರೂ ಅಂಕ ಕಳೆಯಲಿಲ್ಲ. ರಾತ್ರಿ ತೂಕ ಇಳಿಯುವುದಿಲ್ಲ ಎಂಬ ಅವಲೋಕನವಂತೂ ಚರ್ಚೆಯ ಭಾಗದಲ್ಲಿ ಒಂದು ಪೂರ್ಣ ಪ್ಯಾರಾ ಆಯಿತು. ಖಾಲಿ ಮನೆಯನ್ನು ಮುಚ್ಚಿಟ್ಟಿದ್ದರೆ ಅದು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಬರವಣಿಗೆಯನ್ನು ಎರಡನೆಯ ಬಾರಿ ಆರಂಭಿಸಿದಾಗ ಕ್ರಮವನ್ನು ತಿರುಗಿಸಿದೆ. ಮೊದಲು ಕೋಷ್ಟಕ, ಆಮೇಲೆ ದಿನಗಳ ಎದುರು ತೂಕದ ನಕ್ಷೆ, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ತೀರ್ಮಾನ; ಪೀಠಿಕೆ ಅದರ ನಂತರ, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಎರಡು ಪುಟವಿದ್ದ ಪೀಠಿಕೆ ಮುಕ್ಕಾಲು ಪುಟಕ್ಕೆ ಇಳಿಯಿತು. ವಿಧಾನದ ಭಾಗದಲ್ಲಿ ತಳಿ ಎಸ್ 795 ಎಂಬುದರಿಂದ ಹಿಡಿದು ದಿನಕ್ಕೆ ಎಷ್ಟು ಸಲ ಕೈಯಾಡಿಸಿದೆವು ಎಂಬುದರವರೆಗೆ, ಇನ್ನೊಬ್ಬರು ಇದನ್ನೇ ಮತ್ತೆ ಮಾಡಲು ಬೇಕಾದುದೆಲ್ಲ ಇರಬೇಕು ಎಂಬುದೊಂದೇ ನಿಯಮ ಇಟ್ಟುಕೊಂಡೆ.

ಇಂಗ್ಲಿಷಿನ ಭಯಕ್ಕೆ ನಾನು ಕಂಡುಕೊಂಡ ಉಪಾಯ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಪ್ರತಿ ಪ್ಯಾರಾದಲ್ಲಿ ಹೇಳಬೇಕಾದುದನ್ನು ಮೊದಲು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆಯುತ್ತಿದ್ದೆ. ಆ ವಾಕ್ಯ ಬರದಿದ್ದರೆ ತೊಡಕು ಇಂಗ್ಲಿಷಿನದಲ್ಲ, ಹೇಳಬೇಕಾದುದೇ ನನಗೆ ತಿಳಿದಿಲ್ಲ ಎಂದು ಗೊತ್ತಾಗುತ್ತಿತ್ತು. ಎಂದರೆ ಕೋಷ್ಟಕಕ್ಕೆ ಹಿಂದಿರುಗಬೇಕು. ಆದರೆ ಆ ವಾಕ್ಯವನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದಾಗಲೆಲ್ಲ ಕೆಟ್ಟಿತು. ನಮ್ಮ ವಾಕ್ಯ ಹೋದರೆ, ಬಂದರೆ, ಇದ್ದುದರಿಂದ ಎನ್ನುತ್ತ ಸಾಗಿ ಕೊನೆಗೆ ಕ್ರಿಯಾಪದದಲ್ಲಿ ನಿಲ್ಲುತ್ತದೆ. ಹಾಗೆಯೇ ಬರೆದ ಇಂಗ್ಲಿಷ್ ವಾಕ್ಯದಲ್ಲಿ ಯಾವುದು ಒಣಗಿತು ಎಂಬುದೇ ತಪ್ಪಿಹೋಗುತ್ತಿತ್ತು. ಅದಕ್ಕೆ ಕನ್ನಡದ ಸಾಲನ್ನು ಮುಚ್ಚಿಟ್ಟು, ವಿಷಯವನ್ನು ಮಾತ್ರ ನೆನಪಿಟ್ಟುಕೊಂಡು, ಇಂಗ್ಲಿಷಿನಲ್ಲಿ ಎರಡು ಮೂರು ಚಿಕ್ಕ ವಾಕ್ಯಗಳಾಗಿ ಬರೆಯುವುದನ್ನು ರೂಢಿಸಿಕೊಂಡೆ.

ಬೇರೆಯವರ ಲೇಖನಗಳನ್ನು ಓದುವಾಗಲೂ ಇದೇ ಅಭ್ಯಾಸ ಕೈಹಿಡಿಯಿತು. ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡಿಕೊಂಡದ್ದರಿಂದ ಮೂಲದ ಇಂಗ್ಲಿಷ್ ಸಾಲುಗಳು ನನ್ನ ವರದಿಗೆ ನುಸುಳುವ ಅವಕಾಶವೇ ಇರಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳಲ್ಲಿ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂದಿರುವುದನ್ನು ಕೇಳಿದ ನಮ್ಮ ತರಗತಿಯ ಕೆಲವರು, ಹತ್ತರಲ್ಲಿ ಒಂದು ಪುಟ ನಕಲು ಮಾಡಬಹುದು ಎಂದು ಅರ್ಥಮಾಡಿಕೊಂಡಿದ್ದರು. ಅದು ಅನುಮತಿಯಲ್ಲ ಎಂದು ವಿವರಿಸುವುದಕ್ಕೆ ಮೇಡಂ ಒಂದು ಇಡೀ ತರಗತಿಯನ್ನೇ ಮೀಸಲಿಡಬೇಕಾಯಿತು.

ವಿನ್ಯಾಸದ ವಿಷಯದಲ್ಲಿ ಹೇಳುವುದು ಕಡಿಮೆ. ಕೋಷ್ಟಕದ ಹೆಸರು ಮೇಲೆ, ಚಿತ್ರದ ಹೆಸರು ಕೆಳಗೆ; ಅಂಕಿಗೂ ಏಕಮಾನಕ್ಕೂ ನಡುವೆ ತೆರಪು. ವರ್ಡ್‌ನಲ್ಲಿ ಶೀರ್ಷಿಕೆಗಳಿಗೆ ಅದರದೇ ಹೆಡಿಂಗ್ ಶೈಲಿಯನ್ನು ಮೊದಲ ದಿನದಿಂದಲೇ ಬಳಸಿದರೆ ಪರಿವಿಡಿ ತಾನಾಗಿಯೇ ಸಿದ್ಧವಾಗುತ್ತದೆ. ಪುಟಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡಿದ್ದ ಗೆಳೆಯನೊಬ್ಬ, ಒಂದು ಚಿತ್ರ ಸೇರಿಸಿದ ತಪ್ಪಿಗೆ, ಒಪ್ಪಿಸುವ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಎಲ್ಲವನ್ನೂ ತಿದ್ದುತ್ತ ಕುಳಿತಿದ್ದ.

ಫಲಿತಾಂಶ ಇಷ್ಟು: ಕಣದ ಎರಡೂ ಚೌಕಟ್ಟುಗಳು ಎಂಟನೆಯ ದಿನ ಸಂಜೆ 2.67 ಕಿಲೋಗೆ ಇಳಿದವು, ಮಂಚದವು ಹತ್ತನೆಯ ದಿನ. ಮೊದಲ ಕರಡಿನಲ್ಲಿ ಇದರಿಂದ ಕಣವೇ ಉತ್ತಮ ಎಂದು ತೀರ್ಪು ಕೊಟ್ಟಿದ್ದೆ. ನಾನು ಅಳೆದದ್ದು ವೇಗವನ್ನು ಮಾತ್ರ. ಬೀಜದ ಬಣ್ಣವನ್ನಾಗಲೀ ರುಚಿಯನ್ನಾಗಲೀ ಅಲ್ಲ, ಅದೂ ಒಂದು ತಳಿಯ ಒಂದೇ ದಿನದ ಕೊಯ್ಲಿನಲ್ಲಿ, ಡಿಸೆಂಬರಿನ ಒಳ್ಳೆಯ ಬಿಸಿಲಿನಲ್ಲಿ. ಆದ್ದರಿಂದ ತೀರ್ಮಾನದ ವಾಕ್ಯವನ್ನು, ಈ ಪರಿಸ್ಥಿತಿಯಲ್ಲಿ ಕಣದ ಮೇಲಿನ ಪಾರ್ಚ್‌ಮೆಂಟ್ ಎರಡು ದಿನ ಮೊದಲು ಒಣಗಿತು ಎಂದಷ್ಟಕ್ಕೆ ಇಳಿಸಿದೆ. ವಾಕ್ಯ ಸಪ್ಪೆಯಾಯಿತು. ಅದರ ವಿರುದ್ಧ ಯಾರು ಏನು ಕೇಳಿದರೂ ಉತ್ತರ ಕೋಷ್ಟಕದಲ್ಲಿತ್ತು.

ಒಪ್ಪಿಸುವ ಹಿಂದಿನ ಭಾನುವಾರ, ಸಾರಾಂಶವನ್ನು ಅರ್ಧ ಪುಟ ಕನ್ನಡದಲ್ಲಿ ಬರೆದು ಅಪ್ಪನಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಅವರು, "ಎರಡು ದಿನ ಉಳಿಯುತ್ತೆ ಅಂತಾಯ್ತು. ಮಂಚದಲ್ಲಾದ್ರೆ ಕೈಯಾಡ್ಸೋಕೆ ಬಗ್ಗೋ ಹಾಗಿಲ್ಲ, ಆಳು ಕಮ್ಮಿ ಸಾಕು ಅಂತಾರೆ. ಆ ಲೆಕ್ಕ ಇದ್ರಲ್ಲಿ ಎಲ್ಲಿದೆ?" ಎಂದರು. ಎಲ್ಲಿಯೂ ಇರಲಿಲ್ಲ, ಕೈಯಾಡಿಸಲು ಹಿಡಿಯುವ ಸಮಯವನ್ನು ಅಳೆಯಬೇಕೆಂದು ನನಗೆ ತೋಚಿರಲೇ ಇಲ್ಲ. ಮುಂದಿನ ಕೆಲಸ ಎಂಬ ಉಪಶೀರ್ಷಿಕೆಯಡಿ ಅದನ್ನು ಒಂದು ವಾಕ್ಯವಾಗಿ ಸೇರಿಸಿ, ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೊರಟೆ.