ಹೊಸ ಅಡಗಿ ಮಾಡೂ ಮುಂಚೆ ನಮ್ಮನಿ ಅಕ್ಕಿ, ನೀರು, ಖಾರ ನೋಡ್ಕೋರಿ

ನಾನು ಮೊದಲ್ನೇ ಸಲ ದಮ್ ಬಿರ್ಯಾನಿ ಮಾಡಿದಾಗ ಒಂದು ಕೆಜಿ ಅಕ್ಕಿ ಪೂರಾ ಮುದ್ದಿ ಆಗಿ ಹೋತ್ರಿ. ವಿಡಿಯೋದಾಗ ಹೇಳಿದಂಗ ಅಕ್ಕಿ 30 ನಿಮಿಷ ನೆನಸಿದ್ದೆ, 8 ನಿಮಿಷ ಕುದಿಸಿದ್ದೆ, 25 ನಿಮಿಷ ದಮ್ ಕೊಟ್ಟಿದ್ದೆ, ಒಂದೂ ತಪ್ಪಿಸಿರಲಿಲ್ಲ, ಆದ್ರ ಅವರು ಮಾಡಿದ್ದು ಬಾಸ್ಮತಿಲೆ, ನಾನು ಹಾಕಿದ್ದು ಮನ್ಯಾಗಿನ ಚೀಲದ ಸೋನಾ ಮಸೂರಿ, ಅದೂ ಡಿಸೆಂಬರ್ ತಿಂಗಳದಾಗ ಆಗಷ್ಟೇ ಮಿಲ್ಲಿನಿಂದ ಬಂದಿದ್ದು. ನಮ್ಮತ್ತಿ ಒಂದು ಅಗಳು ಬೆರಳಾಗ ಹಿಚುಕಿ ನೋಡಿ "ಹೊಸ ಅಕ್ಕಿ ಐತಿ ಯವ್ವಾ ಇದು, ಇದು ನೀರ ಬೇಡಂಗಿಲ್ಲ, ಹಳೇ ಅಕ್ಕಿ ಬೇಡ್ತೈತಿ" ಅಂದ್ರು. ಅವತ್ತಿಂದ ಯಾವ ಹೊಸ ಅಡಗಿ ಮಾಡಿದ್ರೂ ನಾನು ಮೊದ್ಲು ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಈ ರೆಸಿಪಿ ಹೇಳಿದವ್ರ ಮನ್ಯಾಗ ಏನೈತಿ, ನಮ್ಮನ್ಯಾಗ ಏನೈತಿ. ಇಲ್ಲಿ ಬರೆದಿದ್ದೆಲ್ಲ ಗಂಗಾವತಿಯಾಗ ನಮ್ಮನಿ ಗ್ಯಾಸ್ ಮ್ಯಾಲೆ ಮಾಡಿ ನೋಡಿದ್ದು, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವ್ರಿಗೆ ಹೆಚ್ಚು ಕಮ್ಮಿ ಹಿಂಗೇ ಹೊಂದ್ತೈತಿ.

ಅಕ್ಕಿಯಿಂದಾನ ಶುರು ಮಾಡೋಣ, ಯಾಕಂದ್ರ ನಮ್ಮ ಕಡೆ ಅಕ್ಕಿ ಅಂದ್ರ ಬರೇ ಊಟ ಅಲ್ಲ. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವಿ ನೀರಿನ ಮ್ಯಾಲೆ ಗಂಗಾವತಿ, ಸಿಂಧನೂರು, ಮಾನ್ವಿ ನಿಂತಾವ. 2024ರ ಆಗಸ್ಟ್‌ನಾಗ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನೀರೆಲ್ಲ ಹೊಳಿಗೆ ಹೋಗೋದು ನೋಡಿ ಇಲ್ಲಿ ಮನಿಮನಿಯಾಗೂ ಸಂಕಟ ಆಗಿತ್ತು. ಅಂಥ ಅಕ್ಕಿ ಒಂದು ಕೆಜಿ ತಿಪ್ಪಿಗೆ ಹಾಕೋದು ನನಗ ಈಗ್ಲೂ ಹೊಟ್ಟಿ ಉರಿಸ್ತೈತಿ. ಅದಕ್ಕ ಹೊಸದು ಏನ ಮಾಡಿದ್ರೂ ಮೊದಲ್ನೇ ಸಲ ಒಂದು ಲೋಟ ಅಕ್ಕಿಗೆ ಮಾಡ್ರಿ, ಇಬ್ಬರು ಉಣ್ಣುವಷ್ಟು ಸಾಕು.

ಚೀಲದಾಗಿರೋದು ಹೊಸದೋ ಹಳೇದೋ ಅಂತ ಅಂಗಡಿಯವ್ರನ್ನ ಕೇಳ್ರಿ, ಹೇಳ್ತಾರ. ಕೇಳಾಕ ಆಗದಿದ್ರ ಎರಡು ಚಮಚ ಅಕ್ಕಿ ಕುದಿಸಿ ನೋಡ್ರಿ, ಹೊಸದು ಲಗೂನ ಬೆಂದು ಒಂದಕ್ಕೊಂದು ಅಂಟ್ಕೋತೈತಿ, ಗಂಜಿನೂ ದಪ್ಪ ಬರ್ತೈತಿ, ವರ್ಷ ಆಗಿರೋ ಅಕ್ಕಿ ಉದುರುದುರು ನಿಲ್ತೈತಿ. ಕುಕ್ಕರಿನಾಗ ಪಲಾವ್ ಮಾಡಿದ್ರ ನಾನು ಹಳೇ ಅಕ್ಕಿಗೆ ಒಂದಕ್ಕ ಎರಡು ನೀರು ಹಾಕ್ತೀನಿ, ಹೊಸದಕ್ಕ ಒಂದೂಮುಕ್ಕಾಲು, ಅದರಾಗ ಟೊಮೆಟೊ, ಮೊಸರು ಇದ್ರ ಅವೂ ನೀರು ಬಿಡ್ತಾವ ಅನ್ನೋದು ಲೆಕ್ಕಕ್ಕ ತಗೋಬೇಕು.

ಬಿರ್ಯಾನಿಗೆ ಸೋನಾ ಮಸೂರಿ ಬ್ಯಾಡ ಅಂತ ಭಾಳ ಮಂದಿ ಅಂತಾರ, ನಾನು ಒಪ್ಪಂಗಿಲ್ಲ. ಹಳೇ ಅಕ್ಕಿ ತಗೋರಿ, ಎರಡು ಮೂರು ನೀರಿನಾಗ ತೊಳೀರಿ, 15 ನಿಮಿಷ ನೆನಸಿದ್ರ ಸಾಕು. ದೊಡ್ಡ ಪಾತ್ರಿಯಾಗ ನೀರು ಜಾಸ್ತಿ ಇಟ್ಟು ಅದಕ್ಕ ಉಪ್ಪು, ಎರಡು ಲವಂಗ, ಒಂದು ಚಮಚ ಎಣ್ಣಿ ಹಾಕಿ ಚೊಲೋ ಕುದಿ ಬಂದಮ್ಯಾಲೆ ಅಕ್ಕಿ ಬಿಡ್ರಿ, 4 ನಿಮಿಷಕ್ಕ ಒಂದು ಅಗಳು ತಗದು ಮುರೀರಿ, ನಡುವ ಬಿಳೇ ಚುಕ್ಕಿ ಉಳಿದಿರಬೇಕು, ಆಗ ತಕ್ಷಣ ಬಸೀರಿ. ಬಸಿದ ಅಕ್ಕಿ ಜರಡಿಯಾಗ ಹಂಗೇ ಬಿಟ್ಟು ಫೋನ್ ಮಾತಾಡಾಕ ಹೋಗಬ್ಯಾಡ್ರಿ, ಅಲ್ಲೂ ಬೇಯ್ತಾನ ಇರ್ತೈತಿ. ಮಸಾಲಿ ಮೊದ್ಲೇ ಪೂರಾ ಬೇಯಿಸಿ ಗಟ್ಟಿ ಮಾಡಿ ಇಟ್ಕೊಂಡಿದ್ರ ಅದರ ಮ್ಯಾಲೆ ಅಕ್ಕಿ ಹರವಿ, ಪಾತ್ರಿ ಕೆಳಗ ಕಬ್ಬಿಣದ ಹಂಚಿಟ್ಟು, ಸಣ್ಣ ಉರಿಯಾಗ 12 ನಿಮಿಷ, ಆಮ್ಯಾಲೆ ಗ್ಯಾಸ್ ಆರಿಸಿ ಮುಚ್ಚಳ ತಗೀದಂಗ ಇನ್ನೊಂದು 10 ನಿಮಿಷ. ಅಗಳು ಬಾಸ್ಮತಿಯಂಗ ಉದ್ದ ಬರಂಗಿಲ್ಲ, ಆದ್ರ ಮಸಾಲಿ ಹೀರಿಕೊಳ್ಳೋದ್ರಾಗ ನಮ್ಮ ಅಕ್ಕೀನೇ ಮ್ಯಾಲೆ.

ಎರಡನೇದು ಬಿಸಲು. ರೆಸಿಪಿಯಾಗ "ಬೆಚ್ಚಗಿನ ಜಾಗದಾಗ 2 ತಾಸು ಇಡಿ" ಅಂತ ಬರೆದಿರ್ತಾರ ನೋಡ್ರಿ, ಅದು ತಂಪಿನ ಊರಿನವ್ರ ಮಾತು. ನಮ್ಮಲ್ಲಿ ಏಪ್ರಿಲ್‌ದಾಗ 40 ಡಿಗ್ರಿ ದಾಟಿರ್ತೈತಿ, ಅಡಗಿ ಮನಿ ಅಂತೂ ಕೇಳಬ್ಯಾಡ್ರಿ. ಬ್ರೆಡ್ ಮಾಡಾಕ ಮೈದಾ ಹಿಟ್ಟು ಯೀಸ್ಟ್ ಹಾಕಿ ನಾದಿ 2 ತಾಸು ಬಿಟ್ಟಿದ್ದೆ, ಉಬ್ಬಿ ಉಬ್ಬಿ ಆಮ್ಯಾಲೆ ಕುಸಿದು ಹುಳಿ ವಾಸನಿ ಬಂದಿತ್ತು. ಈಗ 35-40 ನಿಮಿಷಕ್ಕ ನೋಡ್ತೀನಿ, ಗಡಿಯಾರಕ್ಕಿಂತ ಹಿಟ್ಟಿನ ಮಾತು ಕೇಳ್ರಿ, ಎರಡು ಪಟ್ಟು ಆತಂದ್ರ ಮುಗೀತು. ಇನ್ನ ನೀರು, ಮಾಳಿಗಿ ಮ್ಯಾಲಿನ ಕರೇ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಸುಡ್ತೈತಿ, ಯೀಸ್ಟ್ ಜೀವ ಇರೋದು, 55-60 ಡಿಗ್ರಿ ಆದ್ರ ಸಾಯ್ತೈತಿ. ಬ್ಯಾಸಗಿಯಾಗ ನಾನು ಗಡಿಗಿ ನೀರಿನಾಗ ಹಿಟ್ಟು ನಾದ್ತೀನಿ, ಬಿಸಿ ಮಾಡೋ ಗೋಜಿಗೆ ಹೋಗಂಗಿಲ್ಲ. ದ್ವಾಸಿ ಹಿಟ್ಟಿಗೂ ಇದೇ, ರಾತ್ರಿಯೆಲ್ಲ ಹೊರಗ ಬಿಟ್ರ ಹುಳಿ ಆಗ್ತೈತಿ, 4-5 ತಾಸು ಆದಮ್ಯಾಲೆ ಫ್ರಿಜ್ಜಿಗೆ ಇಡ್ರಿ, ಉಪ್ಪು ರುಬ್ಬುವಾಗ್ಲೇ ಹಾಕ್ರಿ, ಉಪ್ಪು ಹುದುಗೋದನ್ನ ಸ್ವಲ್ಪ ತಡೀತೈತಿ. ಚಳಿಗಾಲದಾಗ ಉಪ್ಪು ಮುಂಜಾನೆ ಹಾಕಿದ್ರಾತು.

ಖಾರದ ಬಗ್ಗೆ ಸ್ವಲ್ಪ ಹುಷಾರ್ ಇರ್ರಿ. ಪನೀರ್ ಗ್ರೇವಿ ವಿಡಿಯೋದಾಗ ಕಾಶ್ಮೀರಿ ಖಾರ 2 ಚಮಚ ಅಂತಾರ, ಅದು ಬಣ್ಣಕ್ಕ ಹಾಕೋದು. ನಮ್ಮನಿ ಡಬ್ಬಿಯಾಗಿನ ಖಾರಪುಡಿಯಾಗ ಗುಂಟೂರು ಕಾಯಿ ಇರ್ತೈತಿ, 2 ಚಮಚ ಹಾಕಿದ್ರ ಮಕ್ಕಳು ನೀರು ಕುಡಿದು ಕುಡಿದು ಅಳ್ತಾವ. ಬ್ಯಾಡಗಿ ಕಾಯಿ ಒಂದಿಷ್ಟು ಬ್ಯಾರೆ ಬೀಸಿಕೊಂಡು ಬ್ಯಾರೆ ಡಬ್ಬಿಯಾಗ ಇಡ್ರಿ, ಕಾಶ್ಮೀರಿ ಅಂತ ಬರೆದಲ್ಲೆಲ್ಲ ಅದನ್ನ ಹಾಕ್ರಿ.

ಜ್ವಾಳದ ಹಿಟ್ಟಿನ ಕೇಕು, ಜ್ವಾಳದ ಬ್ರೆಡ್ ಮಾಡಬೇಕು ಅಂತ ನನಗ ಭಾಳ ಆಸೆ ಇತ್ತು, ನಮ್ಮ ಹೊಲದ ಬೆಳಿ ಅಲ್ಲೇನ್ರಿ. ಆದ್ರ ಮೈದಾ ತಗದು ಅಷ್ಟೇ ಜ್ವಾಳದ ಹಿಟ್ಟು ಹಾಕಿದ್ರ ಬ್ರೆಡ್ ಬರಂಗಿಲ್ಲ, ಗೋಧಿಯಾಗಿರೋ ಗ್ಲುಟೆನ್ ಜ್ವಾಳದಾಗ ಇಲ್ಲ, ಗಾಳಿ ಹಿಡಿದಿಟ್ಟುಕೊಳ್ಳಾಕ ಏನೂ ಇರಂಗಿಲ್ಲ. ರೊಟ್ಟಿಗೆ ನಾವು ಕುದಿಯೋ ಎಸರು ಹಾಕ್ತೀವಲ್ಲ, ಅದು ಇದಕ್ಕೇ, ಬಿಸಿ ನೀರಿಗೆ ಹಿಟ್ಟು ಅರ್ಧ ಬೆಂದು ಜಿಗಿ ಬರ್ತೈತಿ. ಬ್ರೆಡ್ಡಿಗೆ ನಾನು ನಾಲ್ಕರಾಗ ಒಂದು ಪಾಲು ಮಾತ್ರ ಜ್ವಾಳ ಹಾಕ್ತೀನಿ, ಅದನ್ನ ಮೊದ್ಲು ಎಸರಿನಾಗ ಕಲಸಿ ಪೂರಾ ಆರಿಸಿ ಆಮ್ಯಾಲೆ ಗೋಧಿ ಹಿಟ್ಟಿಗೆ ಸೇರಿಸಿ ನಾದ್ತೀನಿ, ರುಚಿ ಅಂದ್ರ ರುಚಿ, ಶೇಂಗಾ ಚಟ್ನಿಪುಡಿ, ಬೆಣ್ಣಿ ಹಚ್ಚಿ ತಿಂದು ನೋಡ್ರಿ.

ಅಳತಿ ಬಗ್ಗೆ ಇಷ್ಟ ತಿಳ್ಕೊಂಡ್ರ ಸಾಕು: ರೆಸಿಪಿಯ ಕಪ್ ಅಂದ್ರ ಸುಮಾರು 240 ಎಂಎಲ್, ಚಾ ಕಪ್ ಅಲ್ಲ, ಸಣ್ಣ ಚಮಚ 5 ಎಂಎಲ್, ದೊಡ್ಡದು 15. ಓವನ್ 350 ಅಂತ ಬರೆದಿದ್ರ ಅದು ಫ್ಯಾರನ್‌ಹೀಟ್, ನಮ್ಮದರಾಗ 175-180 ಇಡಬೇಕು. ಬೇಕಿಂಗ್ ಪೌಡರ್ ಇಲ್ಲಂತ ಅಷ್ಟೇ ಅಡಗಿ ಸೋಡಾ ಸುರೀಬ್ಯಾಡ್ರಿ, ಸೋಡಾ ಮೂರು ನಾಲ್ಕು ಪಟ್ಟು ಜೋರು, ಒಂದು ಚಮಚ ಪೌಡರಿನ ಬದ್ಲು ಕಾಲು ಚಮಚ ಸಾಕು, ಜೊತಿಗೆ ಮೊಸರೋ ನಿಂಬಿಹುಳಿಯೋ ಬೇಕೇ ಬೇಕು.

ಕಡೀಗೆ ಒಂದು ನೋಟ್‌ಬುಕ್ ಇಡ್ರಿ. ಫೋನಿನಾಗ ಬರೆದ್ರ ಸಿಗಂಗಿಲ್ಲ, ಅಡಗಿ ಮನ್ಯಾಗ ಮೊಳೆಗೆ ದಾರ ಕಟ್ಟಿ ತೂಗು ಹಾಕ್ರಿ. ಯಾವ ತಿಂಗಳು, ಯಾವ ಅಕ್ಕಿ, ಎಷ್ಟು ನೀರು, ಮನಿ ಮಂದಿ ಏನಂದ್ರು, ಅಷ್ಟೇ. ನನ್ನ ಪುಸ್ತಕದಾಗ ಮೊನ್ನಿಂದು ಹಿಂಗೈತಿ: "ಜ್ವಾಳದ ಬ್ರೆಡ್, ಏಪ್ರಿಲ್, ಗಡಿಗಿ ನೀರು, 40 ನಿಮಿಷ ಉಬ್ಬಿತು. ಉಪ್ಪು ಇನ್ನಾ ಅರ್ಧ ಚಮಚ ಬೇಕಿತ್ತು. ಅತ್ತಿ ಎರಡು ತುಂಡು ತಿಂದ್ರು."