ಸಮಾಧಿಯ ಕಲ್ಲಿಗೆ ನಾಲ್ಕು ಸಾಲು

ಚುಟುಕ ಬರೆಯುವಾಗ ನಾನು ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ. ಎಲ್ಲಿಗೆ ಮುಟ್ಟಬೇಕೆಂಬುದು ಗೊತ್ತಿದ್ದರೆ ಉಳಿದ ಮೂರು ಸಾಲುಗಳು ಅದಕ್ಕೆ ದಾರಿ ಬಿಟ್ಟುಕೊಡುತ್ತವೆ. ಇದನ್ನು ನಾನು ಕಲಿತದ್ದು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ. ಕ್ರಿ.ಶ. 700ರ ಸುಮಾರಿನ ಆ ಶಾಸನದ ತ್ರಿಪದಿಯೊಂದರಲ್ಲಿ ಸಾಧುವಿಗೆ ಸಾಧು, ಮಾಧುರ್ಯನಿಗೆ ಮಾಧುರ್ಯ, ಬಾಧಿಸುವ ಕಲಿಗೆ ಕಲಿಯುಗವಿಪರೀತ ಎಂದು ಎರಡು ಸಾಲುಗಳಲ್ಲಿ ಗುಣಗಳು ಒಂದರ ಹಿಂದೊಂದು ಬರುತ್ತವೆ. ಮೂರನೆಯ ಗಿಡ್ಡ ಸಾಲು ‘ಮಾಧವನೀತನ್ ಪೆರನಲ್ಲ’, ಅಂದರೆ ಇವನು ಮಾಧವನೇ, ಬೇರೆಯವನಲ್ಲ ಎಂದು ಒಮ್ಮೆಲೇ ತೀರ್ಪು ಕೊಟ್ಟುಬಿಡುತ್ತದೆ. ಗ್ರೀಕರ ಎಪಿಗ್ರಾಮ್ ಎಂಬ ಕಿರುಪದ್ಯ ಕೂಡ ಮೊದಲಿಗೆ ಕಲ್ಲಿನ ಮೇಲಿನ ಬರಹವೇ. ಕ್ರಿ.ಪೂ. 480ರಲ್ಲಿ ಥರ್ಮಾಪೈಲೆಯ ಯುದ್ಧದಲ್ಲಿ ಮಡಿದ ಸ್ಪಾರ್ಟಾದ ಯೋಧರಿಗೆ ಬರೆದದ್ದು ಎರಡೇ ಸಾಲು, ಅದರಲ್ಲಿ ಹೊಗಳಿಕೆಯಿಲ್ಲ. ಸತ್ತವರು ದಾರಿಹೋಕನ ಕೈಯಲ್ಲಿ ಊರಿಗೆ ಹೇಳಿ ಕಳಿಸುವ ಸುದ್ದಿಯಷ್ಟೇ ಇದೆ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ, ಹತ್ತಿ ಗಿರಣಿಯಲ್ಲಿ ದುಡಿದ ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ ಅವರ ಮಗ ಬಂದು, ‘ಅಪ್ಪಾಜಿ ಸಮಾಧಿಗೆ ನಾಲ್ಕು ಸಾಲು ಬರ್ದುಕೊಡ್ರಿ ಸರ್, ಓದಿದ್ರೆ ಅಳು ಬರೋದು ಮಾತ್ರ ಬ್ಯಾಡ’ ಎಂದರು. ಗಿರಣಿ ಮುಚ್ಚಿದ ಮೇಲೂ ಮೊದಲ ಪಾಳಿಗೆ ಗಿರಣಿಯ ಸೈರನ್ ಕೂಗುತ್ತಿದ್ದ ಹೊತ್ತಿಗೆ ಅವರು ತಾವಾಗಿಯೇ ಎದ್ದು ಕೂರುತ್ತಿದ್ದರೆಂದು ಮನೆಯವರು ಹೇಳಿದ ಕೂಡಲೇ ನನಗೆ ಕೊನೆಯ ಸಾಲು ಸಿಕ್ಕಿತು.

ಕೂಗೊಮ್ಮೆ ಕೇಳಿದರೆ ಏಳುತ್ತಲಿದ್ದ,
ಹಗಲಿರುಳು ಅರಳೆಯಾ ಧೂಳನ್ನೆ ಹೊದ್ದ;
ಮಿಲ್ಲೀಗ ಮಲಗಿಹುದು, ಮೌನವೇ ಎಲ್ಲ,
ಕೂಗಿಲ್ಲ, ಅದರಿಂದ ಇವನೇಳಲಿಲ್ಲ.

ದಿನಕರ ದೇಸಾಯಿಯವರು ಮನೆಮಾತಾಗಿಸಿದ ಚುಟುಕದಂತೆ ಇಲ್ಲಿಯೂ ಎರಡೆರಡು ಸಾಲಿಗೆ ಅಂತ್ಯಪ್ರಾಸವಿದೆ. ಪ್ರತಿ ಸಾಲಿನಲ್ಲಿ ಐದು ಮಾತ್ರೆಯ ಮೂರು ಗಣಗಳಾದ ಮೇಲೆ ಮೂರು ಮಾತ್ರೆಯ ಮುಡಿ, ಅಂದರೆ ಸಾಲಿನ ಕೊನೆಯ ತುಂಡು, ಬರುತ್ತದೆ. ಎರಡನೆಯ ಸಾಲಿಗೆ ಮಕ್ಕಳನ್ನು ಸಾಕಿದ ಮಾತೂ ಹೊಂದುತ್ತಿತ್ತು, ಆದರೆ ಅದು ಯಾವ ತಂದೆಯ ಸಮಾಧಿಗಾದರೂ ಸಲ್ಲುವ ಮಾತು. ತಲೆಗೂದಲಿಗೆ ಅಂಟಿದ ಅರಳೆಯ ಧೂಳನ್ನು ಕೊಡವಿಕೊಳ್ಳುತ್ತ ಪಾಳಿ ಮುಗಿಸಿ ಬರುತ್ತಿದ್ದವರನ್ನು ಕಂಡವರಿಗೆ ಆ ಸಾಲು ಇವರದೇ ಎಂದು ಗೊತ್ತಾಗುತ್ತದೆ. ನಾಲ್ಕನೆಯ ಸಾಲಿನಲ್ಲಿ ‘ಅದರಿಂದ’ ಎಂಬಲ್ಲಿ ‘ಕಡೆಗಿಂದು’ ಎಂದರೂ ಮಾತ್ರೆ ಕೆಡುವುದಿಲ್ಲ, ಆದರೆ ಆಗ ಅದು ಬರಿಯ ಶೋಕವಾಗುತ್ತದೆ. ಸಾವಿಗೆ ಸಾವಿನದಲ್ಲದ ಕಾರಣವೊಂದನ್ನು ಕೊಟ್ಟಾಗ ಓದುವವರ ತುಟಿಯಲ್ಲಿ ನಗು ಮೂಡುತ್ತದೆ, ಸತ್ತವರ ಮರ್ಯಾದೆಯೂ ಉಳಿಯುತ್ತದೆ. ಸತ್ತವರಿಗಾಗಿ ಬರೆಯುವ ಚರಮಪದ್ಯದ ಚಮತ್ಕಾರ ಸತ್ತವರನ್ನು ಚುಚ್ಚಬಾರದೆಂಬುದರಲ್ಲಿ ನನಗೆ ರಾಜಿಯಿಲ್ಲ.

ಕಲ್ಲು ಚಿಕ್ಕದಾದ್ದರಿಂದ ಕೊನೆಯ ಎರಡು ಸಾಲನ್ನಷ್ಟೇ ಕೆತ್ತಿಸೋಣವೇ ಎಂದು ಮನೆಯವರು ಕೇಳಿದರು. ಮೊದಲ ಸಾಲಿನ ಕೂಗು ಕೇಳದೆ ನಾಲ್ಕನೆಯ ಸಾಲು ನಿಲ್ಲುವುದಿಲ್ಲವೆಂದು ನಾನು ಒಪ್ಪಲಿಲ್ಲ. ಕೊನೆಗೆ ಹೆಸರಿನ ಅಕ್ಷರಗಳನ್ನು ಸಣ್ಣದು ಮಾಡಿ ನಾಲ್ಕೂ ಸಾಲನ್ನು ಕೆತ್ತಿಸಿದರು.